ಏಳನೇ ಕಾಲಂ

ನನ್ನ ದಪ್ಪ ಪುಸ್ತಕದ ಏಳನೇ ಕಾಲಂ ಕೇಳುತ್ತದೆ:
ಕಳೆದ ಮೂವತ್ತು ದಿನ ಎಲ್ಲೆಲ್ಲಿ ಮಲಗಿದ್ದಿರಿ?

ಮೊದಮೊದಲು ಸುಲಭವಿತ್ತು ಈ ಕೆಲಸ.
ಬೆರಳು ಚುಚ್ಚು, ಒಂದು ಹನಿ ಪಟ್ಟಿಯ ಮೇಲೆ ಬಿಡು,
ಹದಿನೈದು ನಿಮಿಷ ಕಾಯಬೇಕು, ಅಷ್ಟರಲ್ಲಿ ಕೇಳು.
ಎರಡು ಗೆರೆ ಮೂಡಿದವರೆಲ್ಲ ಹೇಳಿದ್ದು ಒಂದೇ ಹೆಸರು:
ಮೆತೆಮಾ.
ಒಮ್ಮೆ ಬರೆದು, ಕೆಳಗೆಲ್ಲ
ಅದೇ ಅದೇ ಎಂದು ಚುಕ್ಕಿ ಇಡುತ್ತಿದ್ದೆ.

ಎಳ್ಳಿನ ಕಾಯಿ ಕಾಯುವುದಿಲ್ಲ.
ಒಣಗಿದ ದಿನವೇ ಕೊಯ್ಯದಿದ್ದರೆ ಬಾಯಿ ಬಿಟ್ಟು
ಬಿತ್ತಿದ ನೆಲಕ್ಕೇ ಉದುರಿಹೋಗುತ್ತದೆ.
ಅದಕ್ಕೇ ಲಾರಿಗಟ್ಟಲೆ ಬೆಟ್ಟದ ಹುಡುಗರು ಬೇಕು.
ಶುಮೆತ್ ಹೇಳಿದ: ಪರದೆ ಕೊಟ್ಟಿದ್ದರು ಅಕ್ಕಾ,
ಕಟ್ಟಲು ಒಂದು ಕೊಂಬೆಯಾದರೂ ಬೇಡವೇ?
ಕಣ್ಣು ಹಾಯುವಷ್ಟು ದೂರ ಮರಗಳನ್ನು
ಎಳ್ಳಿಗಾಗಿ ಸವರಿಬಿಟ್ಟಿದ್ದಾರೆ.
ಹೊದ್ದುಕೊಂಡು ಮಲಗಿದೆವು, ನಲವತ್ತು ಜನ, ಸಾಲಾಗಿ,
ಕೊಯ್ದ ಸಿವುಡುಗಳ ಪಕ್ಕದಲ್ಲಿ ನಾವೂ ಸಿವುಡುಗಳು.

ಅಜ್ಜಿ ಫೆಂತಾಯೆ ಅಂಗಳದಲ್ಲಿ ಕಾಫಿಬೀಜ ಹುರಿಯುತ್ತ ನಗುತ್ತಿದ್ದಳು:
ನಮ್ಮ ಹಿರಿಯರು ದಡ್ಡರಲ್ಲ ಮಗಳೇ, ಇಷ್ಟೆತ್ತರಕ್ಕೆ
ಕಲ್ಲು ಹೊತ್ತು ಸುಮ್ಮನೆ ಮನೆ ಕಟ್ಟಲಿಲ್ಲ.
ಕೆಳನಾಡಿನ ಜ್ವರಕ್ಕೆ ಮೊಣಕಾಲು ನೋವು,
ಅದು ಬೆಟ್ಟ ಹತ್ತಲಾರದು.

ನಿಜವೇ. ಹತ್ತುತ್ತಿರಲಿಲ್ಲ.
ಹುಡುಗರ ಹೆಗಲ ಮೇಲೆ ಕೂತು ಬರುತ್ತಿತ್ತು,
ಎಳ್ಳಿನ ಕೂಲಿ, ತಂಗಿಗೊಂದು ಜೊತೆ ಚಪ್ಪಲಿ,
ಯಾರೂ ಕಟ್ಟಿಕೊಡದ ಮೂರನೆಯ ಗಂಟು.
ಒಬ್ಬನನ್ನು ನಡುಗಿಸಿ, ಮಾತ್ರೆ ನುಂಗಿ,
ಅವನೊಳಗೇ ಮುಗಿದುಹೋಗುತ್ತಿತ್ತು.
ದಾಟಿಸಲು ಇಲ್ಲಿ ರೆಕ್ಕೆಗಳಿರಲಿಲ್ಲ.

ಆಮೇಲೆ ಕಟ್ಟೆ ಕಟ್ಟಿದೆವು.
ಕಟ್ಟಿದೆವು ಅಂದರೆ ನಾನೂ.
ಎರಡು ಬೇಸಿಗೆ ತಲೆಯ ಮೇಲೆ ಕಲ್ಲು ಹೊತ್ತಿದ್ದೇನೆ,
ನೆತ್ತಿಯಲ್ಲಿ ಇವತ್ತಿಗೂ ಅಂಗೈಯಗಲ ಕೂದಲಿಲ್ಲ.
ನೀರು ನಿಂತ ದಿನ ಪಾದ್ರಿ ಕೊಡೆ ಬಿಚ್ಚಿ ಬಂದರು,
ಹೆಂಗಸರು ನಾಲಿಗೆ ಹೊರಳಿಸಿ ಉಲಿದರು.
ಸುಳ್ಳೇಕೆ ಹೇಳಲಿ, ಈರುಳ್ಳಿ ಬಂತು,
ಕೋಸು ಬಂತು, ಬಾಗಿಲ ತನಕ ಜೋಳ ಬಂತು,
ನನ್ನ ತೂಕದ ತಕ್ಕಡಿಯಲ್ಲಿ ಮಕ್ಕಳು ಭಾರವಾದರು.

ಕಟ್ಟೆಯ ಕಾಲಬುಡದಲ್ಲಿ ನೀರು ಜಿನುಗುತ್ತದೆ.
ಅಲ್ಲಿ ದನ ತುಳಿಯುತ್ತವೆ.
ಒಂದೊಂದು ಗೊರಸಿನ ಗುರುತೂ ಒಂದೊಂದು ಬಟ್ಟಲು,
ಬಿಸಿಲು ಕಾಯಿಸುತ್ತದೆ.
ಗಾಳಿಗೆ ಜೋಳದ ಹೂಹುಡಿ ಉದುರಿ ತೇಲುತ್ತದೆ ಅದರಲ್ಲಿ
ಹಳದಿಯಾಗಿ, ಹಿಟ್ಟು ಉದುರಿಸಿದ ಹಾಗೆ.
ಬಗ್ಗಿ ನೋಡಿದೆ.
ಹಿಟ್ಟಿನ ಕೆಳಗೆ ಕೂದಲೆಳೆಯಷ್ಟು ಹುಳುಗಳು
ತಿನ್ನುತ್ತಿದ್ದವು,
ನಮ್ಮ ಮಕ್ಕಳ ಹಾಗೆಯೇ ಚೆನ್ನಾಗಿ ಬೆಳೆಯುತ್ತಿದ್ದವು.

ಮೊನ್ನೆ ಯಿರ್ಗಾನ ಮಗಳನ್ನು ಎತ್ತಿಕೊಂಡು ಬಂದರು.
ಮಾಸ್ತೆವಾಲ್. ನಾಲ್ಕು ವರ್ಷ.
ಚುಚ್ಚಿದಾಗ ಅಳಲಿಲ್ಲ. ಅದೇ ನನಗೆ ಹೆದರಿಕೆಯಾಯಿತು.
ಕಾದೆವು. ಮೊದಲ ಗೆರೆ.
ಹೊರಗೆ ಯಾರೋ ಕತ್ತೆಗೆ ಬೈಯುತ್ತಿದ್ದರು.
ಎರಡನೆಯದು, ತೆಳ್ಳಗೆ, ಆಮೇಲೆ ತೆಳ್ಳಗಲ್ಲ.

ಪೆನ್ನು ಏಳನೇ ಕಾಲಮಿಗೆ ಬಂದು ನಿಂತಿತು.
ಎಲ್ಲಿ ಮಲಗಿದ್ದಳು?
ಅವಳಮ್ಮ ನನ್ನನ್ನು ಹುಚ್ಚಿಯ ಹಾಗೆ ನೋಡಿದಳು:
ಎಲ್ಲಿ ಮಲಗುತ್ತಾಳೆ, ನನ್ನ ಗಾಬಿಯೊಳಗೆ,
ನನ್ನ ಹೊಟ್ಟೆಗೆ ಬೆನ್ನು ಹಚ್ಚಿ.
ಇಗರ್ಜಿಯ ಬೇಲಿ ದಾಟಿದವಳಲ್ಲ ಇವಳು.

ಯಿರ್ಗಾ ಬಾಗಿಲಲ್ಲೇ ನಿಂತಿದ್ದ, ಒಳಗೆ ಬರಲಿಲ್ಲ.
ಎಳ್ಳಿನಿಂದ ಮರಳಿ ಅವನಿಗಿನ್ನೂ ತಿಂಗಳಾಗಿಲ್ಲ.
ಅವನ ಸಾಲು ನನ್ನ ಪುಸ್ತಕದಲ್ಲಿ ಎರಡು ಹಾಳೆ ಹಿಂದಿದೆ.
ತಿರುವಿ ತೋರಿಸಲಿಲ್ಲ. ಅವನಿಗೆ ಓದು ಬರುತ್ತದೆ.

ಸಂಜೆ ಸಲಿಕೆ ಹಿಡಿದು ಕಟ್ಟೆಯ ಕೆಳಗೆ ಹೋದೆ.
ಒಂದು ಗೊರಸಿನ ಗುಣಿಗೆ ಒಂದು ಸಲಿಕೆ ಮಣ್ಣು,
ತುಳಿ, ಇನ್ನೊಂದು.
ಎಣಿಸುತ್ತಿದ್ದೆ, ಮೂವತ್ತರ ತನಕ ನೆನಪಿದೆ.
ಬೆನ್ನು ನೆಟ್ಟಗೆ ಮಾಡಿ ನೋಡಿದರೆ
ಮೇವು ಮುಗಿಸಿದ ದನಗಳು, ಇಡೀ ಊರಿನವು,
ಗಂಟೆ ಅಲುಗಿಸುತ್ತ ಇಳಿದು ಬರುತ್ತಿದ್ದವು
ನೀರಿಗೆ.